ಝೋವಾ ಎಲ್ಲಾ ಮುಚ್ಕೊಂಡು ಮೂರು ವಾರ ಆಯ್ತು, ದಯವಿಟ್ಟು ಯಾರಾದ್ರೂ ಹೇಳಿ

ಕುವೆಂಪುನಗರ_ಕ್ಲೌನ್
ತಲೆ ಕೆಟ್ಟು ಹೋಗಿದೆ. ಮನೇಲಿ ಉಪ್ಪುನೀರಿನ ಟ್ಯಾಂಕಲ್ಲಿ ಝೋವಾ, ಲೆದರ್, ಸ್ಟಾರ್ ಪಾಲಿಪ್ ಅನ್ನೋ ಹವಳ ಸಾಕಿದೀನಿ. ಮೂರು ವಾರದಿಂದ ಝೋವಾ ಬಾಯೇ ಬಿಡ್ತಿಲ್ಲ. ಟೋಡ್‌ಸ್ಟೂಲ್ ಲೆದರ್ ನೆನೆದ ಕೊಡೆ ಥರ ಮುದುಡಿ ನಿಂತಿದೆ. ಗ್ರೀನ್ ಸ್ಟಾರ್ ಪಾಲಿಪ್ ಇದ್ದ ಕಲ್ಲಿನ ಮೇಲೆ ಈಗ ಬರೀ ನೇರಳೆ ಚಾಪೆ. ವಾರ ತಪ್ಪದೆ ನೀರು ಬದಲಾಯಿಸ್ತೀನಿ, ಲೈಟ್ ಚೆನ್ನಾಗಿದೆ, ಪ್ಯಾರಾಮೀಟರ್ ಎಲ್ಲಾ ಸರಿ ಇದೆ. ಮೀನುಗಳಿಗೆ ಮಾತ್ರ ಏನೂ ಆಗಿಲ್ಲ, ಕ್ಲೌನ್ ಜೋಡಿ ಊಟ ಹಾಕೋಕೆ ಹೋದ್ರೆ ಬೆರಳು ಕಚ್ಚುತ್ತೆ. ಇದಕ್ಕೆ ಸುರಿದ ದುಡ್ಡಲ್ಲಿ ಒಂದು ಸ್ಕೂಟರ್ ಬರ್ತಿತ್ತು ಅಂತ ಮನೇಲಿ ದಿನಾ ಮಂಗಳಾರತಿ.

ರೀಫ್_ರಾಜ
"ಎಲ್ಲಾ ಸರಿ ಇದೆ" ಅನ್ನೋದು ಪ್ಯಾರಾಮೀಟರ್ ಅಲ್ಲ ಸಾರ್. ನಂಬರ್ ಹಾಕಿ. ಮೊದಲು ಆಲ್ಕ್, ಅಂದ್ರೆ ನೀರಿನ ಕ್ಷಾರೀಯತೆ, ಎಷ್ಟು ಹೇಳಿ.

ಕುವೆಂಪುನಗರ_ಕ್ಲೌನ್
ಸಾರಿ ಸಾರ್. 200 ಲೀಟರ್ ಟ್ಯಾಂಕ್, ಒಂದೂವರೆ ವರ್ಷ ಆಗಿದೆ. ಸಾಲಿನಿಟಿ (ಉಪ್ಪಿನಂಶ) 1.025, ಆಲ್ಕ್ 7.6 ಡಿಕೆಎಚ್ (ಆಲ್ಕ್ ಅಳೆಯೋ ಮಾನ), ಕ್ಯಾಲ್ಸಿಯಂ 410, ನೈಟ್ರೇಟ್ 5, ಟೆಂಪರೇಚರ್ 27. ಚಿಲ್ಲರ್ ಇಲ್ಲ, ಫ್ಯಾನ್ ಹಾಕಿದೀನಿ.

ರೀಫ್_ರಾಜ
7.6! ಸಿಕ್ತಲ್ಲ ಕಳ್ಳ. 9ಕ್ಕೆ ತನ್ನಿ, ಆದ್ರೆ ನಿಧಾನಕ್ಕೆ. ನಂದು ಎರಡು ವರ್ಷದಿಂದ 8.9ರಲ್ಲೇ ನಿಂತಿದೆ. ಡೋಸರ್ ಇದೆ, ಕಂಟ್ರೋಲರ್ ಇದೆ, ನಾನು ಊರಲ್ಲಿ ಇಲ್ಲದಿದ್ರೂ ಮೊಬೈಲಲ್ಲೇ ನೋಡ್ಕೋತೀನಿ.

ಸಕ್ಕರೆನಾಡಿನ_ಉಪ್ಪು
7.6ಕ್ಕೆಲ್ಲಾ ಲೆದರ್ ಮುದುಡ್ಕತದಾ ರಾಜಣ್ಣ? ಸಮುದ್ರದ ನೀರೇ ಹೆಚ್ಚುಕಮ್ಮಿ 7 ಡಿಕೆಎಚ್ ಇರ್ತದೆ. ಆಲ್ಕ್ ಚಿಂತೆ ಸುಣ್ಣದ ಗೂಡು ಕಟ್ಟೋ ಗಟ್ಟಿ ಹವಳಕ್ಕೆ ಜಾಸ್ತಿ, ಅಣ್ಣನ ಹತ್ರ ಇರೋವೆಲ್ಲಾ ಮೆದುವು. ಕ್ಲೌನಣ್ಣ, ಸಾಲಿನಿಟಿ ಯಾವುದ್ರಲ್ಲಿ ಅಳೀತಿದೀರ? ಮುಳ್ಳು ಆಡೋ ಪ್ಲಾಸ್ಟಿಕ್ ಡಬ್ಬಿಯಾದ್ರೆ ನಂಬ್ಬೇಡಿ. ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟ್ಕಂಡ್ರೂ ಜಾಸ್ತಿ ತೋರಿಸ್ತದೆ.

ಕುವೆಂಪುನಗರ_ಕ್ಲೌನ್
ಇಲ್ಲ, ರಿಫ್ರಾಕ್ಟೋಮೀಟರ್. ಆರ್‌ಓ ನೀರು ಬಿಟ್ಟು ಸೊನ್ನೆಗೆ ಸೆಟ್ ಮಾಡ್ಕೋತೀನಿ.

ಸಕ್ಕರೆನಾಡಿನ_ಉಪ್ಪು
ಸೊನ್ನೇಲಿ ಸರಿ ಇದ್ದದ್ದು ಮೇಲೆ ತಪ್ಪಿರಬೋದು. 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣ ಸಿಗ್ತದೆ, ಅದ್ರಲ್ಲಿ ಸೆಟ್ ಮಾಡಿ. ನಾನಂತೂ ಉಪ್ಪಿನ ಬಕೆಟ್ ತಗಳೋದೇ ಬುಟ್ಟಿವ್ನಿ. ಅಕ್ಕನ ಮನೆ ಸುರತ್ಕಲ್ಲು. ಹೋದಾಗೆಲ್ಲಾ 20 ಲೀಟರಿನ ಹತ್ತು ಕ್ಯಾನು ಸಮುದ್ರದ ನೀರು ತುಂಬ್ಕಂಡು ಬರ್ತೀನಿ.

ರೀಫ್_ರಾಜ
ಜೂನ್ ಆದ ಮೇಲೆ ತನ್ನಿ, ಆಗ ಗೊತ್ತಾಗುತ್ತೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆ ಎರಡೂ ತುಂಬಿ ಸಮುದ್ರಕ್ಕೆ ಬೀಳುತ್ತೆ. ದಡದ ನೀರಲ್ಲಿ ಉಪ್ಪು ಎಲ್ಲಿ ಉಳಿಯುತ್ತೆ? ಮಣ್ಣು ಬೇರೆ.

ಸಕ್ಕರೆನಾಡಿನ_ಉಪ್ಪು
ಮಳೆಗೆ ಮೊದ್ಲೇ ತಂದು ಡ್ರಮ್ಮಲ್ಲಿ ತುಂಬಿಸಿಟ್ಟಿರ್ತೀನಿ ಸ್ವಾಮಿ. ಮಂಡ್ಯದೋರು ಅಂದ್ರೆ ಕಬ್ಬು ಬಿಟ್ರೆ ಬೇರೆ ಗೊತ್ತಿಲ್ಲ ಅನ್ಕಂಡ್ರಾ?

ಹೊಸಬ_ನಂಜನಗೂಡು
ಸಾರ್, ಮಧ್ಯೆ ಬಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಸುರತ್ಕಲ್ ಕಡೆ ಬಂಡೆ ಮೇಲೆ ಹವಳ ಸಿಗುತ್ತಾ? ಸಿಕ್ರೆ ನನಗೂ ಒಂದು ತುಂಡು ತಂದುಕೊಡ್ತೀರಾ?

ರೀಫ್_ರಾಜ
ತಮಾಷೆಗೂ ಕೇಳ್ಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಗಟ್ಟಿ ಹವಳ, ಕಪ್ಪು ಹವಳ, ಸೀ ಫ್ಯಾನ್ ಇವನ್ನೆಲ್ಲಾ 2001ರಲ್ಲೇ ಒಂದನೇ ಶೆಡ್ಯೂಲ್‌ಗೆ ಸೇರಿಸಿದ್ದಾರೆ. ಹುಲಿ ಇರೋ ಪಟ್ಟಿ ಅದು. ಅಂಗಡಿಯವನು "ಏನೂ ಆಗಲ್ಲ" ಅಂದ್ರೂ ನಂಬ್ಬೇಡಿ. ಕ್ಲೌನ್ ಸಾರ್, ಆಲ್ಕ್ ಏರಿಸಿದ್ರಾ? ನಿಮ್ಮ ಟೆಸ್ಟ್ ಕಿಟ್ ಎಕ್ಸ್‌ಪೈರಿ ನೋಡಿ. ನನ್ನ ಪ್ರಕಾರ ನಿಜವಾದ ರೀಡಿಂಗ್ ಇನ್ನೂ ಕಮ್ಮಿ ಇರುತ್ತೆ.

ಕುವೆಂಪುನಗರ_ಕ್ಲೌನ್
ಹೊಸ ಕಿಟ್ ತರಿಸಿ ನೋಡಿದೆ, 7.7. ಐದು ದಿನದಲ್ಲಿ 8.6ಕ್ಕೂ ತಂದೆ. ಏನೂ ವ್ಯತ್ಯಾಸ ಇಲ್ಲ. ಝೋವಾ ಈಗ ಕರಗ್ತಾ ಇದೆ.

ರೀಫ್_ರಾಜ
9 ಅಂದಿದ್ದೆ.

ಸರಸ್ವತಿಪುರಂ_ನ್ಯಾನೋ
ಲೆದರ್ ಒಂದೇ ಆಗಿದ್ರೆ ಪೊರೆ ಬಿಡ್ತಿದೆ ಅಂತ ಸುಮ್ಮನಿರಬಹುದಿತ್ತು, ಮೇಲೆ ಮೇಣದ ಹಾಗೆ ಕಟ್ಟಿ ಕೆಲವು ದಿನ ಮುಚ್ಕೊಳ್ಳೋದು ಅದರ ಸ್ವಭಾವ. ಮೂರೂ ಒಟ್ಟಿಗೆ ಅಂದ್ರೆ ನೀರಲ್ಲೇ ಏನೋ ಇದೆ. ಬಸವನಹುಳು, ಸೀಗಡಿ ಇದ್ಯಾ? ಅವು ಹೇಗಿವೆ?

ಕುವೆಂಪುನಗರ_ಕ್ಲೌನ್
ಆರು ಬಸವನಹುಳು ಇತ್ತು ಸಾರ್. ಯುಗಾದಿ ಆದ ಮೇಲೆ ಒಂದೊಂದಾಗಿ ಎಲ್ಲಾ ಹೋದ್ವು. ಹೋದ ತಿಂಗಳು ಕ್ಲೀನರ್ ಶ್ರಿಂಪ್ ಕೂಡ. ಹವಳದ ವಿಷಯ ಅಲ್ವಲ್ಲ ಅಂತ ಬರೀಲಿಲ್ಲ.

ಸರಸ್ವತಿಪುರಂ_ನ್ಯಾನೋ
ಸಾರ್ ಅಲ್ಲ, ಮೇಡಂ. ಮೊದಲನೇ ಸಾಲಲ್ಲೇ ಬರೀಬೇಕಾದ ವಿಷಯ ಅದು! ಮೀನು ಗಟ್ಟಿಯಾಗಿದೆ, ಬೆನ್ನುಮೂಳೆ ಇಲ್ಲದ್ದೆಲ್ಲಾ ಸಾಯ್ತಿದೆ ಅಂದ್ರೆ ನನಗೆ ಮೊದಲು ತಾಮ್ರದ ಮೇಲೆ ಅನುಮಾನ. ಮೀನಿಗೆ ಬಿಳಿಚುಕ್ಕೆ ರೋಗ ಬಂದ್ರೆ ಅಂಗಡಿಯಲ್ಲಿ ಕೊಡೋ ಔಷಧಿಯೇ ತಾಮ್ರ, ಮೀನು ಅದನ್ನ ತಡ್ಕೊಳ್ಳುತ್ತೆ. ಹವಳ, ಸೀಗಡಿ, ಬಸವನಹುಳು ತಡ್ಕೊಳ್ಳಲ್ಲ. ಔಷಧಿ ಏನಾದ್ರೂ ಹಾಕಿದ್ರಾ? ಟಾಪ್‌ಅಪ್‌ಗೆ, ಅಂದ್ರೆ ಆವಿಯಾದಷ್ಟು ಮತ್ತೆ ತುಂಬೋಕೆ, ಯಾವ ನೀರು?

ಕುವೆಂಪುನಗರ_ಕ್ಲೌನ್
ಔಷಧಿ ಹಾಕೇ ಇಲ್ಲ ಮೇಡಂ. ನೀರು ಆರ್‌ಓದೇ, ಟಿಡಿಎಸ್ 60. ಅಡುಗೆಮನೆ ಪ್ಯೂರಿಫೈಯರ್‌ದು. ಹೊಸದು, ಯುಗಾದಿಗೆ ಹಳೇದನ್ನ ಎಕ್ಸ್‌ಚೇಂಜ್ ಹಾಕಿ ತಗೊಂಡ್ವಿ. ಅಮ್ಮಂಗೆ ತಾಮ್ರದ ಕಾರ್ಟ್ರಿಜ್ ಇರೋದೇ ಬೇಕಿತ್ತು, ದಿನಾ ರಾತ್ರಿ ಬಿಂದಿಗೇಲಿ ನೀರಿಡೋ ಕೆಲಸ ತಪ್ಪುತ್ತೆ ಅಂತ.

ಅಯ್ಯೋ.

ಸಕ್ಕರೆನಾಡಿನ_ಉಪ್ಪು
ಅಣ್ಣೋ!!

ಸರಸ್ವತಿಪುರಂ_ನ್ಯಾನೋ
ಟಿಡಿಎಸ್ ಮೀಟರ್ ನೀರಲ್ಲಿ ಎಷ್ಟು ಕರಗಿದೆ ಅಂತ ತೋರಿಸುತ್ತೆ, ಏನು ಕರಗಿದೆ ಅಂತ ಹೇಳಲ್ಲ. ನಮಗೆ ಬೇಕಾಗಿರೋದು ಡಿಐ ರೆಸಿನ್ (ಕರಗಿದ ಲವಣ ಹಿಡ್ಕೊಳ್ಳೋ ಮಣಿಗಳು) ಕೂಡ ದಾಟಿ ಸೊನ್ನೆ ತೋರಿಸೋ ನೀರು. ಬೇಸಿಗೇಲಿ ಫ್ಯಾನ್ ಹಾಕಿದ್ರೆ ದಿನಕ್ಕೆ ಎರಡು ಲೀಟರ್ ಆದ್ರೂ ಆವಿ ಆಗುತ್ತೆ ಅಲ್ವಾ? ಹೋಗೋದು ಬರೀ ನೀರು. ತಾಮ್ರ ಒಳಗೇ ಉಳಿಯುತ್ತೆ, ಮಾರನೇ ದಿನ ಅದರ ಮೇಲೆ ಇನ್ನಷ್ಟು ಸೇರಿಸ್ತೀರಿ. ನೀವು ವಾರ ವಾರ ಬದಲಾಯಿಸಿದ್ದೂ ಅದೇ ನೀರಲ್ಲಿ ಉಪ್ಪು ಕಲಸಿ.

ಕುಡಿಯೋಕೆ ಆ ನೀರು ಬೇರೆ ಮಾತು, ಅಮ್ಮನ ಹತ್ರ ಜಗಳ ಆಡ್ಬೇಡಿ. ಸರ್ವೀಸಿನವರನ್ನ ಕರೆಸಿ, ಆರ್‌ಓ ಮೆಂಬ್ರೇನ್ (ಸೋಸೋ ಪೊರೆ) ಆದ ಕೂಡಲೇ, ತಾಮ್ರದ ಕಾರ್ಟ್ರಿಜ್‌ಗೆ ಮುಂಚೆ ಒಂದು ಟೀ ಜಾಯಿಂಟ್ ಹಾಕಿ ಬೇರೆ ಪೈಪ್ ತೆಗೆಸಿ, ಅದಕ್ಕೆ ಡಿಐ ಕಾರ್ಟ್ರಿಜ್ ಕೂರಿಸಿ. ಅಲ್ಲೀವರೆಗೆ ಗೊತ್ತಿರೋರ ಹತ್ರ ನೀರು ತನ್ನಿ. ಹೊಸ ಕಾರ್ಬನ್ ಹಾಕಿ, ತಾಮ್ರ ಹೀರೋ ಪ್ಯಾಡ್ ತರಿಸಿ. ತಾಮ್ರ ಇದ್ರೆ ಆ ಪ್ಯಾಡ್ ನೀಲಿಗೆ ತಿರುಗುತ್ತೆ. ಕಲ್ಲು, ಮರಳು ಹೀರಿಕೊಂಡಿದ್ರೆ ನಿಧಾನಕ್ಕೆ ಬಿಡ್ತಾನೇ ಇರುತ್ತೆ, ಒಂದು ವಾರದಲ್ಲಿ ಮುಗಿಯೋ ಕೆಲಸ ಅಲ್ಲ.

ರೀಫ್_ರಾಜ
ನನ್ನ ಹತ್ರ ನಾಲ್ಕು ಸ್ಟೇಜ್ ಆರ್‌ಓ ಡಿಐ ಇದೆ, ಬೂಸ್ಟರ್ ಪಂಪ್ ಸಮೇತ. ಬೋಗಾದಿ ಕಡೆ ಬಂದ್ರೆ 40 ಲೀಟರ್ ಕೊಡ್ತೀನಿ, ದುಡ್ಡು ಬೇಡ. ಹಾಗೇ ನನ್ನ ಸೆಟಪ್ಪೂ ನೋಡಿ, ಕರೆಂಟ್ ಹೋದ್ರೆ ವೇವ್‌ಮೇಕರ್ ಎಂಟು ಗಂಟೆ ಬ್ಯಾಟರೀಲಿ ಓಡುತ್ತೆ. ಆದ್ರೂ ಆಲ್ಕ್ 9ಕ್ಕೆ ತಂದಿದ್ರೆ ಹವಳಕ್ಕೆ ಸ್ವಲ್ಪ ಶಕ್ತಿ ಇರ್ತಿತ್ತು.

ಸಕ್ಕರೆನಾಡಿನ_ಉಪ್ಪು
ಬುಡಲ್ಲ ಈವಯ್ಯ.

ಕುವೆಂಪುನಗರ_ಕ್ಲೌನ್
ರಾಜ ಸಾರ್ ಮನೇಲಿ ನೀರು ತಂದೆ, ಥ್ಯಾಂಕ್ಸ್. (ಟ್ಯಾಂಕ್ ತೋರಿಸೋಕೆ ಎರಡು ಗಂಟೆ ತಗೊಂಡ್ರು.) ಪ್ಯಾಡ್ ಬೆಂಗಳೂರಿಂದ ಬಂತು. ಹಾಕಿ ಮೂರು ದಿನ, ನೋಡಿ ಫೋಟೋ, ನೀಲಿ!!

ಸಕ್ಕರೆನಾಡಿನ_ಉಪ್ಪು
ಅಣ್ಣ, ಆ ಫೋಟೋದಲ್ಲಿ ನಿಮ್ ಬೆರಳೂ ನೀಲಿ. ರೀಫ್ ಲೈಟ್ ಕೆಳಗೆ ಹಿಡಿದ್ರೆ ಇಡ್ಲೀನೂ ನೀಲೀನೆ. ಬಿಸಿಲಿಗೆ ತಗಂಡೋಗಿ ನೋಡಿ.

ಕುವೆಂಪುನಗರ_ಕ್ಲೌನ್
ಟೆರೇಸ್ ಮೇಲೆ ನೋಡಿದೆ. ಬಹುಪಾಲು ಕಂದು, ಒಂದು ಅಂಚು ಮಾತ್ರ ನೀಲಿ ಅನ್ಸುತ್ತೆ. ಅಮ್ಮ ಅದು ಹಸಿರು ಅಂತಿದ್ದಾರೆ. ಅವರ ಪ್ಯೂರಿಫೈಯರ್ ಪರವಾಗಿ ಹೇಳ್ತಿರೋದಾ ಗೊತ್ತಿಲ್ಲ.

ಸರಸ್ವತಿಪುರಂ_ನ್ಯಾನೋ
ಇನ್ನೊಂದು ಹೊಸ ಪ್ಯಾಡ್ ಹಾಕಿ, ಹತ್ತು ದಿನ ಬಿಟ್ಟು ಬಿಸಿಲಲ್ಲೇ ಫೋಟೋ ತೆಗೆದು ಹಾಕಿ. ಸದ್ಯಕ್ಕೆ ಹೊಸ ಹವಳ, ಸೀಗಡಿ ಏನೂ ತರ್ಬೇಡಿ. ಝೋವಾ ಒಂದಾದ್ರೂ ಬಾಯಿ ಬಿಟ್ಟಿದ್ಯಾ?

ಹೊಸಬ_ನಂಜನಗೂಡು
ಸಾರ್, ಎರಡು ತಿಂಗಳಾಯ್ತು, ಆಮೇಲೆ ಏನಾಯ್ತು? ನಮ್ಮ ಮನೇಲೂ ಅದೇ ಥರದ ಪ್ಯೂರಿಫೈಯರ್ ಇದೆ. ನಿನ್ನೆ ಮೊದಲನೇ ಬಸವನಹುಳು ಸತ್ತಿತು.