‘ರಾತ್ರಿ ದ್ಯುತಿಸಂಶ್ಲೇಷಣೆ’ ಅನ್ನಬಹುದಾ? ಕಳ್ಳಿಗಿಡಕ್ಕೆ ಒಂದು ಮಾತು ಬೇಕು

ಎಲ್ಲರಿಗೂ ನಮಸ್ಕಾರ. ಪಾವಗಡದ ಕಡೆಯಿಂದ ಬರೆಯುತ್ತಿದ್ದೇನೆ. ಒಂದು ಪದದ ತಕರಾರು ಬಂದಿದೆ, ಬಿಡಿಸಿಕೊಡಿ.

ಇಲ್ಲಿನ ಶಾಲೆಯೊಂದರ ಮಕ್ಕಳು ವಿಜ್ಞಾನ ಪ್ರದರ್ಶನಕ್ಕೆ ಅಂತ ಬೇಲಿ, ಬದುಗಳ ಗಿಡ ತಂದು ಕುಂಡದಲ್ಲಿಟ್ಟಿದ್ದರು. ಪಾಪಾಸುಕಳ್ಳಿ, ಕತ್ತಾಳೆ, ಲೋಳೆಸರ, ಮಂಗರವಳ್ಳಿ. ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ಇವು ರಾತ್ರಿ ದ್ಯುತಿಸಂಶ್ಲೇಷಣೆ ಮಾಡುವ ಗಿಡಗಳು’ ಎಂದು ಬರೆದೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಓದಿ, ‘ದ್ಯುತಿ ಅಂದ್ರೆ ಬೆಳಕು ಅಲ್ವಾ ಸಾರ್? ರಾತ್ರಿ ಬೆಳಕು ಎಲ್ಲಿಂದ ಬರುತ್ತೆ?’ ಅಂದಳು. ಚೀಟಿ ಹರಿದು ಹಾಕಿದೆ.

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ರಾತ್ರಿ ಈ ಗಿಡಗಳು ಮಾಡುವುದು ಅಡುಗೆ ಅಲ್ಲ, ಅಡುಗೆಗೆ ಸಾಮಾನು ತರುವ ಕೆಲಸ. ಹಗಲು ಮೈಮೇಲಿನ ಸಣ್ಣ ಬಾಯಿಗಳನ್ನು (ಪತ್ರರಂಧ್ರ) ತೆರೆದರೆ ನಮ್ಮೂರ ಬಿಸಿಲಿಗೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಅದಕ್ಕೇ ಕತ್ತಲಾದ ಮೇಲೆ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ಎಳೆದುಕೊಳ್ಳುತ್ತವೆ. ಅದನ್ನು ಮ್ಯಾಲಿಕ್ ಆಮ್ಲ ಎಂಬ ಹುಳಿ ಮಾಡಿ ಜೀವಕೋಶದ ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ರಸದ ಚೀಲದಲ್ಲಿ, ತುಂಬಿಡುತ್ತವೆ. ಬೆಳಗಾಯಿತು ಅಂದರೆ ಬಾಯಿ ಮುಚ್ಚಿ, ಆ ಹುಳಿಯಿಂದ ಅನಿಲ ಬಿಡಿಸಿಕೊಂಡು, ಬೆಳಕಿನಲ್ಲಿ ಸಕ್ಕರೆ ಮಾಡುತ್ತವೆ. ಒಂದು ಗ್ರಾಂ ಡೈಆಕ್ಸೈಡ್ ಹಿಡಿಯಲು ಭತ್ತದಂಥ ಗಿಡ ಸುಮಾರು 400ರಿಂದ 500 ಗ್ರಾಂ ನೀರು ಕಳೆದುಕೊಂಡರೆ, ಕಳ್ಳಿಯಂಥವು 50ರಿಂದ 100 ಗ್ರಾಂನಲ್ಲಿ ಮುಗಿಸುತ್ತವೆ.

ಇಂಗ್ಲಿಷಿನಲ್ಲಿ ಇದಕ್ಕೆ ಕ್ರಾಸುಲೇಸಿಯನ್ ಆಸಿಡ್ ಮೆಟಬಾಲಿಸಂ, ಚಿಕ್ಕದಾಗಿ ‘ಕ್ಯಾಮ್’ ಅನ್ನುತ್ತಾರೆ. ಕ್ರಾಸುಲೇಸಿ ಒಂದು ಗಿಡಗಳ ಕುಟುಂಬದ ಹೆಸರು. ನಮ್ಮ ಕಾಡುಬಸಳೆ ಅದಕ್ಕೇ ಸೇರಿದ್ದು. ಎಲೆಯ ಅಂಚಿನಲ್ಲೇ ಮರಿ ಹುಟ್ಟುತ್ತದಲ್ಲ, ಅದೇ. ತೆಲುಗು ಮನೆಗಳಲ್ಲಿ ರಣಪಾಲ ಅನ್ನುತ್ತಾರೆ. ಈ ಗಿಡದ ಗುಟ್ಟನ್ನು ನಾಲಿಗೆಯಲ್ಲಿ ಹಿಡಿದವನು ಬೆಂಜಮಿನ್ ಹೈನ್, ಈಸ್ಟ್ ಇಂಡಿಯಾ ಕಂಪನಿಯ ಸಸ್ಯತಜ್ಞ. ನಮ್ಮ ದೇಶದಲ್ಲೇ ಇದನ್ನು ತಿಂದು ನೋಡಿ, ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಚಪ್ಪೆ, ಸಂಜೆ ಕೊಂಚ ಕಹಿ ಎಂದು 1813ರಲ್ಲಿ ಲಂಡನ್ನಿಗೆ ಕಾಗದ ಬರೆದ. ನಾನೂ ಹಿತ್ತಲಿನ ಎಲೆ ಒಂದಿಷ್ಟು ಕಚ್ಚಿ ಉಗಿದು ನೋಡಿದೆ. ಬೆಳಿಗ್ಗೆ ಆರಕ್ಕೆ ಹುಳಿ ಚೆನ್ನಾಗಿಯೇ ಹತ್ತಿತು, ಮಧ್ಯಾಹ್ನ ಏನೂ ಇಲ್ಲ. (ಕಳ್ಳಿಯ ಮೇಲೆ ಈ ಪ್ರಯೋಗ ಬೇಡ. ಹಾಲು ಕಣ್ಣಿಗೆ ಬಿದ್ದರೆ ಕಷ್ಟ.)

ಆವತ್ತಿನಿಂದ ನನ್ನ ತಲೆಯಲ್ಲಿ ‘ಇರುಳುಹುಳಿ’ ಅನ್ನುವ ಮಾತು ಕೂತಿದೆ. ‘ಇರುಳುಹುಳಿ ಗಿಡಗಳು’. ರಾತ್ರಿ ಹುಳಿ ಕೂಡಿಡುವ ಗಿಡ ಅಂತ ಬಿಡಿಸಿ ಹೇಳಬಹುದು, ದ್ಯುತಿಯ ಜಗಳವೂ ಇಲ್ಲ. ಆದರೆ ನಮ್ಮ ಮನೆಯಲ್ಲಿ ಹೇಳಿದರೆ ನಕ್ಕರು. ಹುಳಿ ಅಂದರೆ ಅವರಿಗೆ ಮುದ್ದೆಗೆ ಹಾಕಿಕೊಳ್ಳುವುದು. ‘ರಾತ್ರಿ ಉಳಿದ ಹುಳಿಯಾ?’ ಅಂದರು. ಹಾಗಂತ ‘ನಿಶಾಮ್ಲ’ ಅಂತ ಬರೆದರೆ ಮಕ್ಕಳಿಗೆ ನಾಲಿಗೆಯೂ ತಿರುಗುವುದಿಲ್ಲ, ರುಚಿಯೂ ಸಿಗುವುದಿಲ್ಲ.

ಇನ್ನೊಂದು ತೊಡಕು ಪತ್ರರಂಧ್ರದ್ದು. ಪತ್ರ ಅಂದರೆ ಎಲೆ. ಪಾಪಾಸುಕಳ್ಳಿಯಲ್ಲಿ ನಾವು ಎಲೆ ಅಂದುಕೊಳ್ಳುವ ಹಸಿರು ಹಪ್ಪಳ ನಿಜಕ್ಕೂ ಕಾಂಡ. ರಂಧ್ರ ಇರುವುದು ಆ ಕಾಂಡದ ಮೇಲೆ. ಎಲೆಯೇ ಇಲ್ಲದ ಕಡೆ ಪತ್ರರಂಧ್ರ ಎಲ್ಲಿಂದ ಬಂತು? ‘ಉಸಿರುಕಿಂಡಿ’ ಅನ್ನೋಣ ಅಂದರೆ, ಹಳೇ ಮನೆಗಳ ಬೆಳಕಿಂಡಿಗೆ ಬಾಗಿಲು ಇರುವುದಿಲ್ಲ. ಇದಕ್ಕೋ ತೆರೆದು ಮುಚ್ಚುವುದೇ ಮುಖ್ಯ ಕೆಲಸ. ಗ್ರೀಕಿನ ಸ್ಟೋಮಾ ಅಂದರೂ ಬಾಯಿಯೇ ಅಂತೆ. ನನಗೆ ‘ಉಸಿರುಬಾಯಿ’ ಹಿಡಿಸಿದೆ.

ಕಳ್ಳಿ ಅನ್ನುವ ಮಾತೂ ಸಣ್ಣದಲ್ಲ. ಪಾಪಾಸುಕಳ್ಳಿ ಅಮೆರಿಕದಿಂದ ಬಂದ ಕ್ಯಾಕ್ಟಸ್. ಚದರಗಳ್ಳಿ, ಮೊಂಡುಗಳ್ಳಿ ಹಾಲು ಬರುವ ಬೇರೆಯೇ ಕುಟುಂಬ. ನಾವು ಎರಡನ್ನೂ ಕಳ್ಳಿ ಅಂದೆವು, ತೆಲುಗರು ಎರಡನ್ನೂ ಜೆಮುಡು ಅಂದರು. ಮೊಂಡುಗಳ್ಳಿಯ ವೈಜ್ಞಾನಿಕ ಹೆಸರಿನಲ್ಲಿ ಇರುವ ‘ತಿರುಕಳ್ಳಿ’ ಮಲಯಾಳದ್ದು. ಅಂದರೆ ನಮ್ಮ ಕಳ್ಳಿಯೇ ಲ್ಯಾಟಿನ್ ಹೆಸರಿನೊಳಗೆ ಹೊಕ್ಕಿದೆ. ಈಗ ಎಲ್ಲ ‘ಇರುಳುಹುಳಿ’ ಗಿಡಗಳನ್ನೂ ‘ಕಳ್ಳಿ ಬಗೆಯವು’ ಅಂದುಬಿಡೋಣ ಎಂದು ಗೆಳೆಯನೊಬ್ಬ ಹೇಳುತ್ತಾನೆ. ಕತ್ತಾಳೆಯನ್ನು ಕಳ್ಳಿ ಅಂದರೆ ಹಗ್ಗ ಹೊಸೆದವರು ಒಪ್ಪುತ್ತಾರಾ? ಅನಾನಸ್ಸೂ ಹೀಗೇ ಬದುಕುತ್ತದೆ, ಅದನ್ನೇನು ಮಾಡುವುದು?

ರಾಗಿ, ಜೋಳ ಈ ಗುಂಪಿಗೆ ಸೇರುವುದಿಲ್ಲ. ಅವು ಹಗಲಲ್ಲೇ ಬಾಯಿ ತೆರೆಯುವ, ವಿಜ್ಞಾನಿಗಳು ‘ಸಿ4’ ಅನ್ನುವ ಬೇರೆ ಬಗೆಯವು. ಆ ಚರ್ಚೆ ಇನ್ನೊಮ್ಮೆ.

ಸದ್ಯಕ್ಕೆ ಕುಂಡದ ಮೇಲೆ ‘ರಾತ್ರಿ ಉಸಿರೆಳೆದು, ಹಗಲು ಅಡುಗೆ ಮಾಡುವ ಗಿಡ’ ಎಂದು ಬರೆದು ಅಂಟಿಸಿದ್ದೇನೆ. ಉದ್ದ ಆಯಿತು, ಗೊತ್ತು. ಪ್ರದರ್ಶನ ಸೋಮವಾರ ಇದೆ. ‘ಇರುಳುಹುಳಿ’ ನಡೆಯುತ್ತಾ? ನಿಮ್ಮ ಕಡೆ ಕಾಡುಬಸಳೆಯ ಬೆಳಗಿನ ಹುಳಿಗೆ ಬೇರೆ ಹೆಸರೇನಾದರೂ ಇದೆಯಾ?