ಕ್ಯಾಟ್ ತಯಾರಿಗೆ ಧಾರವಾಡ ಬಿಡಲೇಬೇಕೆ?

ಪ್ರಶ್ನೆ:
ಧಾರವಾಡದಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ, ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಐಐಎಂನಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಎಂಬಿಎ ಪ್ರವೇಶಕ್ಕೆ ಬರೆಯುವ ಕ್ಯಾಟ್ ಪರೀಕ್ಷೆಯ ಲೆಕ್ಕಗಳು ಹಿಡಿತಕ್ಕೆ ಬರುತ್ತಿವೆ, ಆದರೆ ಇಂಗ್ಲಿಷ್ ಗದ್ಯಭಾಗಗಳನ್ನು ಓದಿ ಮುಗಿಸುವಷ್ಟರಲ್ಲಿ ಸಮಯ ತೀರಿಹೋಗುತ್ತದೆ. ಕೋಚಿಂಗಿಗಾಗಿ ಬೆಂಗಳೂರಿಗೆ ಹೋಗಬೇಕೆ?

ಉತ್ತರ 1:
ಅಗತ್ಯವಿಲ್ಲ. ಮೂರು ವಿಭಾಗಗಳಿಗೂ ತಲಾ 40 ನಿಮಿಷಗಳ ಮಿತಿ ಇರುವುದರಿಂದ ಲೆಕ್ಕದಲ್ಲಿ ಉಳಿಸಿದ ಸಮಯ ಓದಿಗೆ ದಕ್ಕುವುದಿಲ್ಲ. ಆದ್ದರಿಂದ ದಿನಾಲೂ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವೊಂದನ್ನು ಓದಿ, ಪ್ರತಿ ಪ್ಯಾರಾದ ತಿರುಳನ್ನು ಅಂಚಿನಲ್ಲಿ ಒಂದೇ ಸಾಲಿನಲ್ಲಿ, ಬೇಕಾದರೆ ಕನ್ನಡದಲ್ಲೇ, ಬರೆಯಿರಿ. ನನಗೆ ಶಬ್ದಪಟ್ಟಿಯ ಬಾಯಿಪಾಠಕ್ಕಿಂತ ಇದೇ ಮೇಲೆನಿಸುತ್ತದೆ.

ಉತ್ತರ 2:
ಸರಿಯುತ್ತರಕ್ಕೆ 3 ಅಂಕ. ಬಹುಆಯ್ಕೆಯ ಪ್ರಶ್ನೆ ತಪ್ಪಾದರೆ 1 ಅಂಕ ಕಡಿತ. ಉತ್ತರವನ್ನು ನಾವೇ ಟೈಪ್ ಮಾಡುವ ಪ್ರಶ್ನೆಗಳಿಗೆ ಕಡಿತವಿಲ್ಲ, ಅವನ್ನು ಖಾಲಿ ಬಿಡಬೇಡಿ.

ಉತ್ತರ 3:
ರಾಜ್ಯದ ಕಾಲೇಜುಗಳ ಎಂಬಿಎ ಪ್ರವೇಶಕ್ಕಿರುವ ಪಿಜಿಸಿಇಟಿ ಪರೀಕ್ಷೆಯನ್ನೂ ತಪ್ಪದೆ ಬರೆಯಿರಿ. ಎಂಬಿಎ ಕಲಿಸುವ, ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಸಂಸ್ಥೆ ನಿಮ್ಮೂರಿನಲ್ಲೇ ಇದೆಯಲ್ಲ.