ಪದಚರ್ಚೆ: ವ್ಯಾಕ್ಯೂಲ್‌ಗೆ ರಸದಾನಿಯೋ, ರಿಕ್ತಿಕೆಯೋ?

ಪ್ರಶ್ನೆ, ಮುಂಬಯಿಯಿಂದ

ಮಾನ್ಯರೇ,

ಇಲ್ಲಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆಂದು ಸಸ್ಯಕೋಶದ ದೊಡ್ಡ ಚಿತ್ರಫಲಕವೊಂದನ್ನು ಮಾಡಿಸುತ್ತಿದ್ದು, ಭಾಗಗಳ ಹೆಸರುಗಳನ್ನು ಕನ್ನಡದಲ್ಲಿಯೂ ಅದರ ಕೆಳಗೆ ಮರಾಠಿಯಲ್ಲಿಯೂ ಬರೆಯಿಸಬೇಕಾಗಿದೆ. ಕೋಶಭಿತ್ತಿ, ಕೋಶಪೊರೆ, ಕೋಶಕೇಂದ್ರ ಎಂಬಲ್ಲಿ ತೊಡಕಿಲ್ಲ. ತೊಡಕಿರುವುದು ಕೋಶದೊಳಗಿನ ಚೀಲದಂಥ ಭಾಗವಾದ ವ್ಯಾಕ್ಯೂಲ್‌ನಲ್ಲಿ. ಕರ್ನಾಟಕದ ಪಠ್ಯಗಳಲ್ಲಿ ಅದು ರಸದಾನಿ, ಮರಾಠಿಯಲ್ಲಿ ರಿಕ್ತಿಕಾ. ಒಂದು ಹೆಸರು ಒಳಗೆ ರಸವಿದೆ ಎನ್ನುತ್ತದೆ, ಇನ್ನೊಂದು ಬರಿದು ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಓದುವ ಮಕ್ಕಳು ಯಾವುದು ಸರಿಯೆಂದು ಕೇಳಿಯೇ ಕೇಳುತ್ತಾರೆ. ಕನ್ನಡದಲ್ಲಿಯೂ ರಿಕ್ತಿಕೆ ಎಂದೇ ಬರೆಯಿಸಿದರೆ ಗೊಂದಲ ತಪ್ಪುತ್ತದೆಂಬುದು ನನ್ನ ಸಹೋದ್ಯೋಗಿಯೊಬ್ಬರ ಸಲಹೆ. ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಕೊಡಬೇಕಾಗಿರುವುದರಿಂದ ದಯವಿಟ್ಟು ಬೇಗ ತಿಳಿಸಿ.

ಉತ್ತರ, ಪುಣೆಯಿಂದ

ಮೇಡಂ, ರಸದಾನಿ ಎಂದೇ ಬರೆಯಿಸಿ. ಹೊಂದಾಣಿಕೆಯ ನೆಪದಲ್ಲಿ ರಿಕ್ತಿಕೆಯನ್ನು ಕನ್ನಡಕ್ಕೆ ತರುವ ಅಗತ್ಯವಿಲ್ಲ.

ಸೂಕ್ಷ್ಮದರ್ಶಕದಲ್ಲಿ ಆ ಭಾಗ ತಿಳಿಯಾಗಿ, ಏನೂ ಇಲ್ಲದಂತೆ ಕಾಣುತ್ತದೆ. ಹಾಗೆ ಕಂಡದ್ದರಿಂದಲೇ ಲ್ಯಾಟಿನ್ನಿನಲ್ಲಿ ‘ಬರಿದು’ ಎಂಬರ್ಥವಿರುವ ಧಾತುವಿನಿಂದ ಅದರ ಹೆಸರು ಹುಟ್ಟಿತು, ಮರಾಠಿಯವರು ಅದೇ ಅರ್ಥವನ್ನು ಸಂಸ್ಕೃತದ ‘ರಿಕ್ತ’ದಲ್ಲಿ ಹಿಡಿದಿಟ್ಟರು. ಮೂಲಕ್ಕೆ ಅದು ನಿಷ್ಠವಾದ ಅನುವಾದ, ಆದರೆ ವಸ್ತುವಿಗೆ ನಿಷ್ಠವಾದದ್ದಲ್ಲ. ಬಲಿತ ಸಸ್ಯಕೋಶದ ಗಾತ್ರದಲ್ಲಿ ಶೇಕಡಾ 90ರ ವರೆಗೂ ಇದೊಂದೇ ಆವರಿಸಿಕೊಂಡಿರಬಹುದು. ನೀರು, ಸಕ್ಕರೆ, ಲವಣ, ಸಾವಯವ ಆಮ್ಲಗಳಲ್ಲದೆ ಎಷ್ಟೋ ಹೂವು ಹಣ್ಣುಗಳ ಕೆಂಪು ಮತ್ತು ನೇರಳೆ ಬಣ್ಣಗಳೂ ಇದರೊಳಗೇ ಇರುತ್ತವೆ. ಈ ರಸ ಕೋಶಭಿತ್ತಿಯನ್ನು ಒಳಗಿನಿಂದ ಒತ್ತುತ್ತಿರುವ ತನಕ ಎಲೆ ಸೆಟೆದು ನಿಲ್ಲುತ್ತದೆ, ನೀರು ಕಳೆದು ಒತ್ತಡ ಇಳಿದೊಡನೆ ಬಾಡುತ್ತದೆ. ಕೆಂಪು ಈರುಳ್ಳಿಯ ತೆಳುಪೊರೆಯನ್ನು ಗಾಜಿನ ಮೇಲಿಟ್ಟು ಗಟ್ಟಿ ಉಪ್ಪುನೀರಿನ ಹನಿ ಬಿಟ್ಟರೆ, ಬಣ್ಣದ ಭಾಗ ಕುಗ್ಗುತ್ತ ಭಿತ್ತಿಯಿಂದ ಹಿಂದೆ ಸರಿಯುವುದು ಕಾಣುತ್ತದೆ. ಅದನ್ನು ಕಣ್ಣಾರೆ ಕಂಡ ಮಗುವಿಗೆ ‘ರಸದಾನಿ’ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಿಕ್ತಿಕೆಯ ಪರವಾಗಿ ಗಟ್ಟಿಯಾದ ವಾದವೊಂದಿದೆ ಎಂಬುದನ್ನೂ ಹೇಳಬೇಕು. ಅಮೀಬಾದಲ್ಲಿ ನುಂಗಿದ ಆಹಾರವನ್ನು ಸುತ್ತುವರಿಯುವ ಚೀಲಕ್ಕೂ, ಹೆಚ್ಚಾದ ನೀರನ್ನು ಹೊರಹಾಕುವ ಚೀಲಕ್ಕೂ ವ್ಯಾಕ್ಯೂಲ್ ಎಂಬುದೇ ಹೆಸರು. ಅಲ್ಲಿ ‘ರಸ’ ಅಷ್ಟು ಚೆನ್ನಾಗಿ ಒಪ್ಪುವುದಿಲ್ಲ. ಆದರೆ ನಿಮ್ಮ ಫಲಕದಲ್ಲಿರುವುದು ಸಸ್ಯಕೋಶ.

ಮರಾಠಿಯ ಪದಗಳನ್ನು ಹಾಗೆಯೇ ಎತ್ತಿಕೊಳ್ಳುವಾಗ ಇನ್ನೆರಡು ಕಡೆ ಎಚ್ಚರವಿರಲಿ. ಅವರು ಜೀವಕೋಶವನ್ನು ಪೇಶಿ ಎನ್ನುತ್ತಾರೆ, ಹಿಂದಿಯವರು ಸ್ನಾಯುವಿಗೆ ಪೇಶಿ ಎನ್ನುತ್ತಾರೆ, ಈ ಊರುಗಳಲ್ಲಿ ಬೆಳೆಯುವ ನಮ್ಮ ಮಕ್ಕಳ ಕಿವಿಗೆ ಎರಡೂ ಬೀಳುತ್ತವೆ. ಎಲೆಯ ಕೋಶಗಳಲ್ಲಿ ಆಹಾರ ತಯಾರಿಸುವ ಹಸಿರು ಕಣವಾದ ಕ್ಲೋರೋಪ್ಲಾಸ್ಟ್‌ಗೆ ಅವರು ಬಳಸುವ ‘ಹರಿತಲವಕ’ದಲ್ಲಿ ಹರಿತವೆಂದರೆ ಹಸಿರು, ಕನ್ನಡದ ಮಗುವಿಗೆ ಹರಿತ ಎಂದೊಡನೆ ನೆನಪಾಗುವುದು ಚೂರಿಯ ಅಲಗು.

ಪ್ರತಿಕ್ರಿಯೆ, ಮಡಗಾಂವ್‌ನಿಂದ

‘ರಸದಾನಿ’ ಒಪ್ಪತಕ್ಕ ಪದವಲ್ಲ. ರಸ ಸಂಸ್ಕೃತ, ಪಾತ್ರೆಯನ್ನು ಸೂಚಿಸುವ ‘ದಾನಿ’ ಪಾರಸಿ, ಇದು ಅರಿಸಮಾಸ. ಸಂಸ್ಕೃತದಂತೆ ಬಿಡಿಸಿದರೆ ರಸವನ್ನು ದಾನಮಾಡುವವನು ಎಂದಾಗುತ್ತದೆ. ಎರಡು ಭಾಷೆಗಳನ್ನು ಬೆಸೆದು ಶಾಸ್ತ್ರಪದ ಕಟ್ಟುವ ಚಾಳಿಯನ್ನು ಎಲ್ಲಿಯಾದರೂ ನಿಲ್ಲಿಸಲೇಬೇಕು. ‘ರಸಕೋಶ’ ಎನ್ನಿ, ಮುಗಿಯಿತು.

ಮತ್ತೆ ಪುಣೆಯಿಂದ

ಮುಗಿಯುವುದಿಲ್ಲ ಸರ್. ಇಡೀ ಘಟಕವನ್ನೇ ಕೋಶವೆಂದು ಕರೆದ ಮೇಲೆ ಅದರೊಳಗಿನ ಒಂದು ಭಾಗವನ್ನೂ ಕೋಶವೆಂದರೆ, ಕೋಶದೊಳಗೆ ಇನ್ನೊಂದು ಕೋಶವಿದೆಯೆಂದು ವಿದ್ಯಾರ್ಥಿ ತಿಳಿಯುತ್ತಾನೆ. ಜೀವಶಾಸ್ತ್ರದಲ್ಲಿ ಅದು ಸಣ್ಣ ತಪ್ಪಲ್ಲ.

ಅರಿಸಮಾಸದ ಮಾತಿಗೆ ಬರೋಣ. 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ಅರಿಯೆಂದು ಗುರುತಿಸಿದ್ದು ಕನ್ನಡಕ್ಕೂ ಸಂಸ್ಕೃತಕ್ಕೂ ಆಗುವ ಕೂಟವನ್ನು, ಅದರಲ್ಲಿಯೂ ಬಿರುದಾವಳಿಗಳಿಗೂ ಹಿಂದಿನ ಕವಿಗಳ ಪ್ರಯೋಗಗಳಿಗೂ ಆತ ವಿನಾಯಿತಿ ಕೊಟ್ಟಿದ್ದಾನೆ. ಹೂದಾನಿಯನ್ನು ದಾನ ಕೊಡುವವನೆಂದು ಕನ್ನಡಿಗರು ಯಾರೂ ಅರ್ಥಮಾಡಿಕೊಳ್ಳುವುದಿಲ್ಲ. ಆ ‘ದಾನಿ’ ನಮ್ಮ ಮನೆಗಳಲ್ಲಿ ಬಳಕೆಯಾಗಿ ನಮ್ಮದಾಗಿದೆ, ಅದರ ಮೇಲೆ ಕಟ್ಟಿದ ಪದ ಪಠ್ಯಗಳಲ್ಲಿ ನೆಲೆನಿಂತಿದೆ.

ಶುದ್ಧತೆಯೊಂದೇ ಅಳತೆಯಾದರೆ, ಕೋಶದ ಇನ್ನೊಂದು ಭಾಗವಾದ ಮೈಟೋಕಾಂಡ್ರಿಯಾಕ್ಕಿರುವ ತಂತುಕಣಿಕೆ ನಿರ್ದೋಷವಾದ ಪದ. ಕಾರ್ಲ್ ಬೆಂಡಾ 1898ರಲ್ಲಿ ಗ್ರೀಕಿನ ನೂಲು ಮತ್ತು ಕಣ ಎಂಬ ಅರ್ಥದ ಮಾತುಗಳನ್ನು ಕೂಡಿಸಿ ಮೈಟೋಕಾಂಡ್ರಿಯಾ ಎಂದದ್ದನ್ನು ಅದು ಅಕ್ಷರಶಃ ಅನುಸರಿಸುತ್ತದೆ. ಹೀಗಿದ್ದರೂ ಆಹಾರದಲ್ಲಿನ ಶಕ್ತಿಯನ್ನು ಬಿಡಿಸಿ, ಕೋಶ ನೇರವಾಗಿ ಬಳಸಬಲ್ಲ ಎಟಿಪಿ ಎಂಬ ಅಣುವಿನ ರೂಪಕ್ಕೆ ತರುವುದೇ ಅದರ ಮುಖ್ಯ ಕೆಲಸವೆಂಬುದರ ಸುಳಿವು ಅದರಲ್ಲಿಲ್ಲ. ಗ್ರೀಕ್ ಹೆಸರೂ ಕೆಲಸವನ್ನು ಹೇಳುವುದಿಲ್ಲ, ಸಂಸ್ಕೃತದ ಹೆಸರೂ ಹೇಳುವುದಿಲ್ಲ. ಮುಂದಿನ ತರಗತಿಗಳಲ್ಲಿ ಉಪಯೋಗಕ್ಕೆ ಬರುವ ಮೈಟೋಕಾಂಡ್ರಿಯಾವನ್ನೇ ಉಳಿಸಿಕೊಳ್ಳುವುದು ಲೇಸು. ಕೋಶದ ಮತ್ತೊಂದು ಭಾಗವಾದ ಗಾಲ್ಗಿ ಸಂಕೀರ್ಣದಲ್ಲಿರುವುದಂತೂ ವಿಜ್ಞಾನಿ ಕ್ಯಾಮಿಲ್ಲೊ ಗಾಲ್ಗಿಯ ಹೆಸರು, ಅದನ್ನು ಯಾರೂ ಅನುವಾದಿಸಲಾರರು. ವಸ್ತುವನ್ನು ಕಾಣಿಸುವ ಪದ ನಮ್ಮಲ್ಲಿರುವಾಗ ಅದನ್ನು ಬಳಸಬೇಕು, ಇಲ್ಲದಿರುವಾಗ ಎರವಲು ಪಡೆಯಲು ಹಿಂಜರಿಯಬಾರದು. ಕುಲ ಕೇಳಿ ಪದವನ್ನು ಹೊರಗಟ್ಟುವುದನ್ನು ನಾನು ಒಪ್ಪಲಾರೆ.

ಮಡಗಾಂವ್‌ನಿಂದ

ಬಳಕೆಯಲ್ಲಿದೆ ಎಂಬುದು ವಾದವಲ್ಲ; ತಪ್ಪುಗಳೂ ಬಳಕೆಯಲ್ಲಿರುತ್ತವೆ. ನನ್ನ ಆಕ್ಷೇಪ ಹಾಗೆಯೇ ಇದೆ.

ಮುಂಬಯಿಯಿಂದ

ಇಬ್ಬರಿಗೂ ವಂದನೆಗಳು. ಕನ್ನಡದಲ್ಲಿ ರಸದಾನಿ, ಮರಾಠಿಯಲ್ಲಿ ರಿಕ್ತಿಕಾ ಎಂದೇ ಕೊಡುತ್ತಿದ್ದೇನೆ. ಫಲಕದ ಪಕ್ಕದಲ್ಲಿ ಸೂಕ್ಷ್ಮದರ್ಶಕವನ್ನೂ ಈರುಳ್ಳಿಯ ಪೊರೆಯನ್ನೂ ಇಡಿಸುತ್ತೇನೆ, ಎರಡು ಹೆಸರುಗಳೇಕೆಂದು ಕೇಳಿದವರಿಗೆ ಅಲ್ಲಿಯೇ ಉತ್ತರ ಸಿಗಲಿ. ಕ್ಲೋರೋಪ್ಲಾಸ್ಟನ್ನು ಹಾಗೆಯೇ ಉಳಿಸಿದ್ದೇನೆ. ಪತ್ರಹರಿತ್ತು ಎಂಬುದು ಅದರೊಳಗಿನ ಬಣ್ಣದ ಹೆಸರೇ ಹೊರತು ಕಣದಂಗದ ಹೆಸರಲ್ಲವಾದ್ದರಿಂದ ಅದನ್ನು ಅಲ್ಲಿ ಬರೆಯಿಸುತ್ತಿಲ್ಲ.